ಮುನ್ನೂರಾ ಎಪ್ಪತ್ತರ ಕಪಾಟು

ನಾಳಿದ್ದು ತಪಾಸಣೆಯವರು ಬರುತ್ತಾರೆ.
ಡೀನ್ ಹೇಳಿ ಕಳಿಸಿದ್ದಾರೆ: ಮುನ್ನೂರಾ ಎಪ್ಪತ್ತರ ಕಪಾಟು
ಭರ್ತಿ ಕಾಣಬೇಕು, ಧೂಳು ಕೂಡದು,
ಪುಟಗಳಲ್ಲಿ ಯಾರಾದರೂ ಗೀಚಿದ್ದರೆ ಅಳಿಸಿಬಿಡಿ.

ಮುಹರ್ರಕ್‌ನ ಜುಲೈ. ಕಿಟಕಿಯ ಗಾಜು ಹೊರಗಿನಿಂದ ಬೆವರುತ್ತದೆ.
ತಲೆ ಸವರಿಕೊಂಡು ಇಳಿಯುವ ಪ್ರತಿ ವಿಮಾನಕ್ಕೂ
ಕಪಾಟಿನ ಕಬ್ಬಿಣ ಸಣ್ಣಗೆ ಹಲ್ಲು ಕಡಿಯುತ್ತದೆ.
ನಾನು ಏಣಿಯ ಮೇಲೆ, ರಬ್ಬರು ಮುಷ್ಟಿಯಲ್ಲಿ.
ನನ್ನ ಬಿ.ಎಡ್. ಪತ್ರಕ್ಕೆ ಇನ್ನೊಂದು ಮೊಹರು ಬಾಕಿ,
ನಾಲ್ಕು ವರ್ಷದಿಂದ ಅದೇ ಒಂದು.
ಅಲ್ಲಿಯವರೆಗೆ ಟೀಚರಲ್ಲ,
ಲೈಬ್ರರಿ ಅಸಿಸ್ಟೆಂಟ್ ಸೆಲೆಸ್ಟಿನ್.

ಬೆನ್ನಿನ ಮೇಲೆ ಚಿನ್ನದ ಅಕ್ಷರ:
ಶಿಕ್ಷಣ, ಸಮಾಜ. ಸಮಾಜ, ಶಿಕ್ಷಣ.
ಒಂದೊಂದರ ಬೆಲೆ ನನ್ನ ಅರ್ಧ ತಿಂಗಳ ಬಾಡಿಗೆ.
ಒಳಗಿನ ಚೀಟಿಯಲ್ಲಿ ಒಂದು ತಾರೀಕೂ ಬಿದ್ದಿಲ್ಲ.
ಮದುವೆಗೆಂದು ಎರವಲು ತಂದ ಸರದ ಹಾಗೆ
ತಪಾಸಣೆಯ ದಿನ ತೊಡುವುದಕ್ಕೆ ಮಾತ್ರ,

ಅಂದುಕೊಂಡಿದ್ದೆ.

ಹಸಿರು ರಟ್ಟಿನದು, ಪುಟ ನಲವತ್ತೊಂದು.
ಅಂಚಿನಲ್ಲಿ ಪೆನ್ಸಿಲು, ಅದೂ ಕನ್ನಡ!
ಕಾಪಿ ತಿದ್ದಿ ಕಲಿತ ದುಂಡು ಕೈ, ಒತ್ತಕ್ಷರಕ್ಕೆ ಬಾಲ.

'ಪೆಡಗಾಜಿ ಅಂದರೆ ಕಲಿಸುವ ಕ್ರಮ. ಇಷ್ಟೇನಾ?'

'ಇಲ್ಲಿಂದ ಆರು ಪುಟ ತಲೆಗೆ ಹೋಗಲಿಲ್ಲ. ಸೆಕೆ ಬಹಳ.'

'ಶಾಲೆ ಏಣಿ ಅನ್ನುತ್ತಾನೆ. ಸರಿ. ಒರಗಿಸಿದ ಗೋಡೆ ಯಾರದು?'

ನಾನು ಏಣಿಯ ಮೇಲೇ ಕುಳಿತುಬಿಟ್ಟೆ.

ಯಾರ ಕೈ ಎಂದು ಕೇಳಬೇಕಾಗಿರಲಿಲ್ಲ.
ರಾತ್ರಿ ಪಾಳಿಯ ವಾಚ್‌ಮನ್, ಉಳ್ಳಾಲದ ಪುತ್ತಬ್ಬ.
ಸಿಮೆಂಟು ಚೀಲ, ಔಷಧದ ಡಬ್ಬಿ, ಗೇಟಿನ ದಾಖಲೆ ಪುಸ್ತಕ
ಓದಿ ಓದಿ ಇಂಗ್ಲಿಷು ಕೂಡಿಸಿಕೊಂಡ ಮನುಷ್ಯ.
ರಂಜಾನಿನಲ್ಲಿ ಖರ್ಜೂರದ ಪೊಟ್ಟಣ ಮೇಜಿಗಿಟ್ಟು
'ಟೀಚರೇ' ಎಂದು ನನ್ನನ್ನು ಕರೆಯುತ್ತಿದ್ದವರು ಅವರೊಬ್ಬರೇ.
ಡಿಸೆಂಬರಿನಲ್ಲಿ ವೀಸಾ ಮುಗಿಯಿತು, ಹೋದರು.
ಹೋಗುವ ದಿನವೂ ಈ ಪುಸ್ತಕದ ಸುದ್ದಿ ಎತ್ತಲಿಲ್ಲ.

ಪುಟ ನೂರಾ ಹನ್ನೆರಡು. ಕೋಷ್ಟಕ.
ಏಳನೆಯ ತರಗತಿಗೆ ಶಾಲೆ ಬಿಟ್ಟವರು
ಶೇಕಡಾ ಮೂವತ್ತೆಂಟು ಪಾಯಿಂಟು ನಾಲ್ಕು.
ಪಕ್ಕದಲ್ಲಿ: 'ನಾನು ಆ ನಾಲ್ಕರಲ್ಲಿ. ಪಾಯಿಂಟಿನ ಆಚೆ.'
ಅದರ ಕೆಳಗೆ, ಪೆನ್ಸಿಲು ಒತ್ತಿ ಮೊನೆ ಮುರಿದ ಗುರುತು:
'ಕಾರಣ ಬಡತನ ಎಂದು ಹಾಕಿದ್ದಾರೆ. ಅಲ್ಲ.
ಶನಿವಾರ ಶನಿವಾರ ಹೆಡ್‌ಮಾಸ್ತರರಿಗೆ ಮೀನು ಒಯ್ಯಬೇಕಿತ್ತು.
ಒಂದು ಶನಿವಾರ ಮೀನು ಸಿಗಲಿಲ್ಲ.'

ಶಿಕ್ಷಣ ಸಮಾಜಶಾಸ್ತ್ರದ ಪತ್ರಿಕೆಯಲ್ಲಿ ನನಗೆ ಎಪ್ಪತ್ತೊಂದು.
ಗೈಡು ಉರು ಹೊಡೆದು 'ಶಾಲೆಯ ಕಾರ್ಯಗಳು' ಬರೆದಿದ್ದೆ,
ಕಾರ್ಯಗಳು ಏಳಿದ್ದವು, ನೆನಪಿದೆ.
ಗೋಡೆ ಇರಲಿಲ್ಲ. ಮೀನಂತೂ ಇರಲಿಲ್ಲ.

ಅಳಿಸಲು ಶುರು ಮಾಡಿದೆ, ಸುಳ್ಳು ಹೇಳುವುದಿಲ್ಲ.
ಪೆಡಗಾಜಿ ಹೋಯಿತು. ಸೆಕೆ ಹೋಯಿತು.
ರಬ್ಬರಿನ ಕಪ್ಪು ಪುಡಿ ಸೆರಗಿಗೆ ಉದುರಿತು.
ಬೆಳಕಿಗೆ ಓರೆ ಹಿಡಿದರೆ ಕಾಗದದಲ್ಲಿ ಗೀರು ಹಾಗೇ ಇದೆ,
ಗೋಡೆ ಯಾರದು, ಬಣ್ಣವಿಲ್ಲದೆ ಕೇಳುತ್ತಿದೆ.

ಕೆಳಗಿನಿಂದ ಡೀನ್: 'ಮುಗಿಯಿತಾ?'
'ಮುಗೀತು ಸರ್.'

ಇಳಿದು ಬಂದು ಕಂಪ್ಯೂಟರಿನಲ್ಲಿ ಬರೆದೆ:
ಪುಸ್ತಕ ಒಯ್ದವರು, ಪುತ್ತಬ್ಬ. ಮರಳಿಸುವ ದಿನ, ಖಾಲಿ.
ನನ್ನ ಅಧಿಕಾರದಲ್ಲಿರುವುದು ಒಂದೇ ಮೊಹರು, ತಾರೀಕಿನದು.
ಅದನ್ನು ಆ ಬಿಳಿ ಚೀಟಿಯ ಮೇಲೆ ಒತ್ತಿದೆ,
ಎರಡು ಸಲ. ಮೊದಲನೆಯದು ಮಸುಕಾಗಿತ್ತು.

ಈಗ ಪುಸ್ತಕ ನನ್ನ ಚೀಲದಲ್ಲಿ, ಈರುಳ್ಳಿಯ ಜೊತೆ.
ಕಪಾಟಿನಲ್ಲಿ ಎರಡು ಬೆರಳಿನಷ್ಟು ಸಂದು.
ಅಕ್ಕಪಕ್ಕದವನ್ನು ಸರಿಸಿ ಮುಚ್ಚಬಹುದಿತ್ತು.

ತಪಾಸಣೆಯವರು ಕೇಳಿದರೆ ಹೇಳುತ್ತೇನೆ:
ಅದು ಹೊರಗಿದೆ ಸರ್,
ಒಬ್ಬರು ಓದುತ್ತಿದ್ದಾರೆ.